ಜ್ವರದ ಕಾಲದ ಬ್ರೆಡ್ಡು

ಆಕೆ ಬ್ರೆಡ್ಡಿನ ಪೊಟ್ಟಣವನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಮೆಲ್ಲಗೆ ಒತ್ತಿದಳು. ಒತ್ತಿದ ಕಡೆ ಗುಳಿ ಬಿತ್ತು. ಬೆರಳು ತೆಗೆದ ಮೇಲೆ ಗುಳಿ ನಿಧಾನವಾಗಿ ಮೇಲೆದ್ದು ಮೊದಲಿನಂತಾಯಿತು. ಹೊಸದೇ ಎಂದು ನೋಡಿಕೊಂಡು ಪೊಟ್ಟಣವನ್ನು ಚೀಲಕ್ಕೆ ಹಾಕಿದಳು. ಯಾರಿಗೆ ಎಂದು ಅಂಗಡಿಯವನು ಕೇಳಿದ. ಅತ್ತೆಗೆ ಜ್ವರ, ಕಾಮಗೆರೆಯ ಆಸ್ಪತ್ರೆಯಲ್ಲಿ ಮಲಗಿದ್ದಾರೆ ಎಂದಳು.

ಇದು ಹೋದ ವಾರ, ಹನೂರಿನ ಬಸ್ ನಿಲ್ದಾಣದ ಎದುರಿನ ಒಂದು ಬೇಕರಿಯಲ್ಲಿ. ಮಳೆ ಹಿಡಿದಿತ್ತು. ಕಾಲೇಜಿನ ಪರೀಕ್ಷೆಯ ಕೆಲಸಕ್ಕೆಂದು ಬಂದಿದ್ದ ನಾನು ಕೊಳ್ಳೇಗಾಲದ ಬಸ್ಸಿಗೆ ಕಾಯುತ್ತ ಆ ಅಂಗಡಿಯ ಸೂರಿನ ಕೆಳಗೆ ನಿಂತಿದ್ದೆ. ಒಳಗೆ ಆಗಷ್ಟೇ ಭಟ್ಟಿಯಿಂದ ತೆಗೆದ ಟಿನ್ನುಗಳನ್ನು ಬೋರಲು ಹಾಕಿದ್ದರು. ಬಿಸಿ ಬ್ರೆಡ್ಡಿನ ವಾಸನೆ ಮಳೆಯ ವಾಸನೆಯ ಜೊತೆ ಬೆರೆತು ಹೊರಗೆ ಬಂತು. ನಾನು ಎರಡು ಹೆಜ್ಜೆ ಹಿಂದಕ್ಕೆ ಸರಿದು ಮಳೆಯಲ್ಲಿ ನಿಂತೆ. ಹಿಂದೆ ಸರಿಯುವುದು ಈಗ ಅಭ್ಯಾಸ. ಆದರೆ ಆ ವಾಸನೆಗೆ ಬಾಯಲ್ಲಿ ನೀರು ಬರುವುದು ಇನ್ನೂ ನಿಂತಿಲ್ಲ.

ನಾನು ಹುಟ್ಟಿ ಬೆಳೆದದ್ದು ಇಂಥ ವಾಸನೆಯ ಹಿಂದೆಯೇ. ಕೊಳ್ಳೇಗಾಲದಲ್ಲಿ ಆಸ್ಪತ್ರೆಗೆ ಹೋಗುವ ರಸ್ತೆಯಲ್ಲಿ ಮುಂದೆ ಅಪ್ಪನ ಅಂಗಡಿ, ನಡುವೆ ಸೌದೆ ಉರಿಸುವ ಭಟ್ಟಿ, ಹಿಂದೆ ನಮ್ಮ ಮನೆ. ಭಟ್ಟಿಯ ಮನೆಗೂ ನಮ್ಮ ಅಡುಗೆಮನೆಗೂ ನಡುವೆ ಒಂದು ಬಾಗಿಲು. ಅದು ಮುಚ್ಚಿದ್ದನ್ನು ನಾನು ನೋಡಿರಲಿಲ್ಲ. ಅಪ್ಪನನ್ನು ಊರಿನವರು ಬ್ರೆಡ್ ನಂಜಪ್ಪ ಎನ್ನುತ್ತಿದ್ದರು. ರಾಗಿ ಮುದ್ದೆ, ಅನ್ನ ಉಣ್ಣುವ ನಮ್ಮ ಕಡೆ ಬ್ರೆಡ್ಡು ದಿನದ ಊಟವಲ್ಲ. ಅದು ಕಾಯಿಲೆಯವರ ಊಟ. ಯಾರಾದರೂ ಆಸ್ಪತ್ರೆ ಸೇರಿದರೆ ನೋಡಲು ಹೋಗುವವರು ಒಂದು ಪೌಂಡ್ ಬ್ರೆಡ್ಡು ತೆಗೆದುಕೊಂಡೇ ಹೋಗಬೇಕು. ಸತ್ತೇಗಾಲದಿಂದ ಬರುವವರೂ ಬಸ್ಸಿಳಿದು ಮೊದಲು ನಮ್ಮ ಅಂಗಡಿಗೆ ಬರುತ್ತಿದ್ದರು. ಪೇಷಂಟಿಗೆ ಎಂದರೆ ಅಪ್ಪ ಎರಡೂ ತುದಿಯ ಹೋಳುಗಳನ್ನು ತೆಗೆದು ಕಟ್ಟಿಕೊಡುತ್ತಿದ್ದರು. ತುದಿ ಗಟ್ಟಿ, ಕಾಯಿಲೆಯವರಿಗೆ ಅಗಿಯಲಾಗದು. ತುದಿಗಳೆಲ್ಲ ನನ್ನವು.

ಮಳೆಗಾಲ ಬಂತೆಂದರೆ ಊರಲ್ಲಿ ಜ್ವರ. ಜ್ವರದ ಕಾಲ ನಮ್ಮ ಮನೆಗೆ ಸುಗ್ಗಿ. ಇದನ್ನು ನಾವು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಶ್ರಾವಣದಿಂದ ದೀಪಾವಳಿಯವರೆಗೆ ಭಟ್ಟಿ ಆರುತ್ತಿರಲಿಲ್ಲ.

ನನಗೆ ಚಿಕ್ಕಂದಿನಿಂದ ಹೊಟ್ಟೆ ಸರಿ ಇರಲಿಲ್ಲ. ಉಬ್ಬರ, ಭೇದಿ, ತಿಂದದ್ದು ಮೈಗೆ ಹತ್ತದು. ಶಾಲೆಯಲ್ಲಿ ಸಾಲಿನ ಮೊದಲಿಗೆ ನಿಲ್ಲಿಸುವಷ್ಟು ಕುಳ್ಳು. ರಕ್ತ ಕಡಿಮೆ ಎಂದು ಮಾತ್ರೆ ಕೊಡುವರು. ಮಾತ್ರೆ ಮುಗಿದ ಮೇಲೆ ಮತ್ತೆ ಕಡಿಮೆ. ಹೊಟ್ಟೆ ಕೆಟ್ಟಾಗಲೆಲ್ಲ ಅಪ್ಪ ಭಟ್ಟಿಯ ಕೆಲಸ ಬಿಟ್ಟು ಬಂದು, ಬಿಸಿ ಹಾಲಲ್ಲಿ ಬ್ರೆಡ್ಡಿನ ತುದಿಯನ್ನು ಅದ್ದಿ ಮೆತ್ತಗೆ ಮಾಡಿ, ತಾವೇ ತಿನ್ನಿಸುತ್ತಿದ್ದರು. ಅನ್ನ ಬೇಡ, ಮುದ್ದೆ ಬೇಡ, ಇದೇ ಹಗುರ ಎನ್ನುತ್ತಿದ್ದರು. ಊರಿಗೆಲ್ಲ ಕಾಯಿಲೆಯ ಊಟ ಕೊಡುವವರು ತಮ್ಮ ಮಗಳಿಗೆ ಇನ್ನೇನು ಕೊಡುತ್ತಾರೆ? ನನಗೂ ಬೇರೆ ಏನೂ ಬೇಕಿರಲಿಲ್ಲ. ಕಾಯಿಲೆ ಬಿದ್ದರೆ ಅಪ್ಪ ಪಕ್ಕದಲ್ಲಿ ಕೂರುತ್ತಾರೆ ಎಂಬುದಷ್ಟೇ ನನಗೆ ತಿಳಿದಿತ್ತು.

ಇದು ಕೆಲವು ವರ್ಷಗಳ ಹಿಂದಿನ ಮಾತು. ಆ ವರ್ಷ ನಾನು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿ, ಯಳಂದೂರಿನ ಒಂದು ಕಾಲೇಜಿಗೆ ಅತಿಥಿ ಉಪನ್ಯಾಸಕಿಯಾಗಿ ಸೇರಿದ್ದೆ. ಹಾಸ್ಟೆಲಿನಲ್ಲಿದ್ದಾಗ ಹೊಟ್ಟೆ ಒಂದಿಷ್ಟು ಸುಧಾರಿಸಿತ್ತು, ಯಾಕೆಂದು ಯೋಚಿಸಿರಲಿಲ್ಲ. ಮನೆಗೆ ಬಂದ ಮೇಲೆ ಮತ್ತೆ ಶುರುವಾಯಿತು. ಬೆಳಿಗ್ಗೆ ಬ್ರೆಡ್ಡು, ಹಾಲು ತಿಂದು ಬಸ್ಸು ಹತ್ತುತ್ತಿದ್ದೆ. ಆಷಾಢ ಮುಗಿಯುವ ಹೊತ್ತಿಗೆ ಒಂದು ದಿನ ಮಾಂಬಳ್ಳಿ ದಾಟುವಾಗ ಕಣ್ಣು ಕತ್ತಲಿಟ್ಟು ಪಕ್ಕದವರ ಮೇಲೆ ಬಿದ್ದೆ. ಕಂಡಕ್ಟರ್ ಬಸ್ಸು ನಿಲ್ಲಿಸಿ ನೀರು ಕುಡಿಸಿದ. ಮರುವಾರ ಅಪ್ಪ ಅಂಗಡಿಗೆ ರಜ ಹಾಕಿ ನನ್ನನ್ನು ಮೈಸೂರಿಗೆ ಕರೆದುಕೊಂಡು ಹೋದರು.

ರಕ್ತ ಪರೀಕ್ಷೆ ಆಯಿತು, ಗಂಟಲಲ್ಲಿ ನಳಿಗೆ ಇಳಿಸಿ ಕರುಳು ನೋಡಿದ್ದೂ ಆಯಿತು. ಎರಡನೆಯ ಸಲ ಹೋದಾಗ ಡಾಕ್ಟರಮ್ಮ ಒಂದು ಹಾಳೆಯ ಮೇಲೆ ಕರುಳಿನ ಚಿತ್ರ ಬರೆದು ತೋರಿಸಿದರು. ಗೋಧಿಯಲ್ಲಿರುವ ಅಂಟು ನನ್ನ ಕರುಳಿಗೆ ಆಗುವುದಿಲ್ಲ. ತಿಂದಾಗಲೆಲ್ಲ ಒಳಗಿನ ಪದರ ಸವೆಯುತ್ತ ಬಂದಿದೆ. ಔಷಧಿ ಇಲ್ಲ. ಗೋಧಿಯನ್ನು ಬದುಕಿರುವವರೆಗೆ ಪೂರಾ ಬಿಡಬೇಕು. ಚಪಾತಿ, ರವೆ, ಶಾವಿಗೆ, ಬಿಸ್ಕತ್ತು ಎಂದು ಅವರು ಒಂದೊಂದಾಗಿ ಹೇಳುತ್ತಿದ್ದರು.

"ಬ್ರೆಡ್ಡೂನಾ ಮೇಡಂ?" ಎಂದು ಅಪ್ಪ ಕೇಳಿದರು.

"ಬ್ರೆಡ್ಡೇ ಮೊದಲು," ಎಂದು ಡಾಕ್ಟರಮ್ಮ ನಕ್ಕರು.

ಅಪ್ಪನ ಕೆಲಸ ಏನೆಂದು ಅವರಿಗೆ ಗೊತ್ತಿರಲಿಲ್ಲ. ನಾವಿಬ್ಬರೂ ಹೇಳಲಿಲ್ಲ. ಅಪ್ಪ ಕೈಗಳನ್ನು ಮೇಜಿನ ಕೆಳಗೆ ಇಳಿಸಿಕೊಂಡರು. ಅವರ ಉಗುರಿನ ಸಂದಿಯಲ್ಲಿ ಯಾವಾಗಲೂ ಬಿಳಿ ಹಿಟ್ಟು ಇರುತ್ತದೆ, ಎಷ್ಟು ತೊಳೆದರೂ ಹೋಗುವುದಿಲ್ಲ.

ದಾರಿಗೆಂದು ಅಪ್ಪ ಚೀಲದಲ್ಲಿ ಬನ್ನು ತಂದಿದ್ದರು. ಹಿಂತಿರುಗುವಾಗ ನರಸೀಪುರದಲ್ಲಿ ಬಸ್ಸು ನಿಂತಿತು. ಅಪ್ಪ ಚೀಲ ತೆಗೆದುಕೊಂಡು ಕೆಳಗಿಳಿದರು, ಬಾಳೆಹಣ್ಣು, ಕಡಲೆಕಾಯಿ ಹಿಡಿದು ಹತ್ತಿದರು. ಚೀಲ ಅವರ ಕೈಯಲ್ಲಿರಲಿಲ್ಲ. ಕೊಳ್ಳೇಗಾಲ ಬರುವವರೆಗೂ ಕಡಲೆಕಾಯಿ ಬಿಡಿಸಿ ಬಿಡಿಸಿ ನನ್ನ ಕೈಗೆ ಹಾಕಿದರು. ನಾನು ಏನಾದರೂ ಹೇಳಬೇಕಿತ್ತು. ನಿನಗೆ ಹೇಗೆ ಗೊತ್ತಾಗಬೇಕಿತ್ತು ಎಂಬ ಒಂದು ಮಾತು ಸಾಕಿತ್ತು. ನನಗೆ ಅಂಥ ಮಾತುಗಳು ಹೊತ್ತಿಗೆ ಬರುವುದಿಲ್ಲ. ಕೊಟ್ಟ ಬೀಜಗಳನ್ನೆಲ್ಲ ತಿಂದೆ.

ಗೋಧಿ ಬಿಡುವುದು ಮುದ್ದೆ ಉಣ್ಣುವ ಮನೆಯಲ್ಲಿ ಸುಲಭ ಎಂದು ಅವ್ವ ಮೊದಲು ಧೈರ್ಯ ಹೇಳಿದಳು. ಆಮೇಲೆ ನಾನು ಒಂದೊಂದು ಡಬ್ಬದ ಮೇಲಿನ ಸಣ್ಣ ಅಕ್ಷರ ಓದತೊಡಗಿದೆ. ಅಡುಗೆಯ ಇಂಗಿನಲ್ಲೂ ಗೋಧಿ ಹಿಟ್ಟು ಬೆರೆಸುತ್ತಾರೆ. ಅವ್ವ ಸಾರಿಗೆ ಇಂಗು ಹಾಕುವುದನ್ನು ಬಿಟ್ಟಳು. ರಾಗಿಯನ್ನು ಮಿಲ್ಲಿನಲ್ಲಿ ಗೋಧಿ ಬೀಸಿದ ಕಲ್ಲಿನಲ್ಲೇ ಬೀಸುತ್ತಾರೆ. ಅವ್ವ ಮಿಲ್ಲಿನವನಿಗೆ ಹೇಳಿ, ಯಂತ್ರ ತೊಳೆದ ದಿನ ಎಲ್ಲರಿಗಿಂತ ಮೊದಲು ಹೋಗಿ ಬೀಸಿಸಿಕೊಂಡು ಬರುತ್ತಿದ್ದಳು. ನನಗೆ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಗೂಡು. ಅವಳ ಕೆಲಸ ಇಮ್ಮಡಿಯಾಯಿತು. ನಾನು ನೆರವಿಗೆ ಹೋದರೆ, ಸುಮ್ನೆ ಕೂತ್ಕೋ, ನಿನಗೆ ಸುಸ್ತು ಎನ್ನುವಳು. ನಾನು ಕೂರುತ್ತಿದ್ದೆ.

ಅಪ್ಪನ ಅಕ್ಕ, ಸತ್ತೇಗಾಲದ ಪುಟ್ಟತಾಯತ್ತೆ, ಸುದ್ದಿ ಕೇಳಿ ನೋಡಲು ಬಂದಳು. ಹಳೆಯ ರೂಢಿಯಂತೆ, ಬರುವಾಗ ತಮ್ಮನ ಅಂಗಡಿಯಿಂದಲೇ ಒಂದು ಪೌಂಡ್ ಬ್ರೆಡ್ಡು ಎತ್ತಿಕೊಂಡು ಒಳಗೆ ಬಂದು ನನ್ನ ಮಡಿಲಿಗಿಟ್ಟಳು. ಅವ್ವ ಹಾವು ಕಂಡವಳಂತೆ ಅದನ್ನು ಕಿತ್ತುಕೊಂಡಳು. ವಿಷಯ ಬಿಡಿಸಿ ಹೇಳಿದ ಮೇಲೆ ಅತ್ತೆಗೆ ನಗು ತಡೆಯಲಾಗಲಿಲ್ಲ.

"ಅಲ್ಲ ಕಣಮ್ಮಿ, ಮೀನುಗಾರನ ಮಗ್ಳು ನೀರು ಆಗಕಿಲ್ಲ ಅಂದಂಗಾಯ್ತಲ್ಲ! ನಿಮ್ಮಪ್ಪನ ಗಲ್ಲಾಪೆಟ್ಟಿಗೆ ಗತಿ ಏನಮ್ಮಿ?"

ನಾವೆಲ್ಲ ನಕ್ಕೆವು. ಅಂಗಡಿಯ ಕಡೆಯ ಬಾಗಿಲಲ್ಲಿ ನಿಂತಿದ್ದ ಅಪ್ಪ ಮಾತ್ರ ನಗದೆ ಒಳಗೆ ಹೋದರು.

ಶ್ರಾವಣ ಕಳೆಯಿತು. ನಾನು ಒಂದು ಚೂರು ಗೋಧಿ ತಿಂದಿರಲಿಲ್ಲ, ಆದರೂ ಹೊಟ್ಟೆ ಪೂರ್ತಿ ಸರಿಹೋಗಲಿಲ್ಲ. ಈ ಸಲ ಒಬ್ಬಳೇ ಮೈಸೂರಿಗೆ ಹೋದೆ. ಮನೆ ಎಲ್ಲಿ, ಹೇಗಿದೆ ಎಂದು ಡಾಕ್ಟರಮ್ಮ ಕೇಳಿದರು. ಹೇಳಿದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ಗಾಳಿಯಲ್ಲಿ ಯಾವಾಗಲೂ ಹಿಟ್ಟು ಹಾರುವ ಮನೆಯಲ್ಲಿ ಅದು ಬಾಯಿಗೆ, ತಟ್ಟೆಗೆ ಬೀಳದೆ ಇರುವುದಿಲ್ಲ, ಅಲ್ಲಿದ್ದುಕೊಂಡು ಊಟ ಬದಲಿಸಿದರೆ ಸಾಲದು ಎಂದರು.

ಮನೆಗೆ ಬಂದು ಇದನ್ನು ಅವ್ವನಿಗೆ, ಡಾಕ್ಟರಮ್ಮ ಹೇಳಿದ ಹಾಗೆಯೇ, ಒಂದು ಪದ ಹೆಚ್ಚು ಕಡಿಮೆ ಇಲ್ಲದೆ ಹೇಳಿದೆ. ಮೊದಲು ಯಳಂದೂರಿನಲ್ಲಿ ಒಂದು ರೂಮು ನೋಡಿಕೊಂಡು, ಓಡಾಟ ಕಷ್ಟ ಎಂದು ನೆಪ ಹೇಳಿ ಹೊರಟುಬಿಡಬಹುದಿತ್ತು. ಅದು ನನಗೆ ಹೊಳೆಯಲಿಲ್ಲ. ಸರಿಯಾಗಿ ಹೇಳುವುದೇ ಒಳ್ಳೆಯದು ಎಂದುಕೊಂಡಿದ್ದೆ.

ಎರಡು ದಿನ ಬಿಟ್ಟು ಕಾಲೇಜಿನಿಂದ ಬಂದಾಗ ಮನೆಯಲ್ಲಿ ವಾಸನೆ ಇರಲಿಲ್ಲ. ಏನು ಕಡಿಮೆಯಾಗಿದೆ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಭಟ್ಟಿಯ ಮನೆಯ ಬಾಗಿಲು ಮುಚ್ಚಿತ್ತು. ಭಟ್ಟಿ ಬಿರುಕು ಬಿಟ್ಟಿದೆ, ರಿಪೇರಿಯವನು ಬರಬೇಕು ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದರು. ಭಟ್ಟಿಯ ಕೆಲಸದ ಸೋಮಣ್ಣನನ್ನು ಊರಿಗೆ ಕಳಿಸಿದ್ದರು. ಬೇರೆ ಕಡೆಯಿಂದ ತರಿಸಿದ ಖಾರ, ಚಕ್ಕುಲಿ, ಕಡಲೆಮಿಠಾಯಿ ಅಂಗಡಿಯಲ್ಲಿದ್ದವು. ಕೊಳ್ಳೇಗಾಲದಿಂದ ಮೊದಲ ಬಸ್ಸಿಗೆ ಯಳಂದೂರಿನ ಅಂಗಡಿಗೆ ಹೋಗುತ್ತಿದ್ದ ಬ್ರೆಡ್ಡಿನ ಕ್ರೇಟೂ ನಿಂತಿತು. ಅಲ್ಲಿ ಬಸ್ ನಿಲ್ದಾಣದ ಹತ್ತಿರ ಅಂಗಡಿ ಇಟ್ಟಿದ್ದ ಕೆಂಪಣ್ಣ, ನಾನು ಇಳಿದಾಗಲೆಲ್ಲ, "ಏನ್ ಮೇಡಂ, ನಿಮ್ಮಪ್ಪ ಭಟ್ಟಿ ರಿಪೇರಿ ಮಾಡುಸ್ತವ್ರೋ, ಹೊಸ ಅರಮನೆ ಕಟ್ಟುಸ್ತವ್ರೋ?" ಎಂದು ಕೇಳುತ್ತಿದ್ದ.

ಆ ವರ್ಷ ಭಾದ್ರಪದದಲ್ಲಿ ಮಳೆ ಬಿಡಲೇ ಇಲ್ಲ. ಮನೆಮನೆಯಲ್ಲೂ ಜ್ವರ. ಜನ ಕೊಡೆ ಮಡಿಸುತ್ತ ಬಂದು ಬ್ರೆಡ್ಡು ಕೇಳುವರು, ಇಲ್ಲವೆಂದರೆ ಕೊಡೆ ಬಿಚ್ಚಿಕೊಂಡು ಹೋಗುವರು. ನನ್ನ ಹೊಟ್ಟೆ ಹಗುರಾಗುತ್ತಿತ್ತು. ಊಟವಾದ ಮೇಲೆ ಉಬ್ಬರ ಇಲ್ಲ, ಮೆಟ್ಟಿಲು ಹತ್ತಿದರೆ ಏದುಸಿರಿಲ್ಲ. ಕನ್ನಡಿಯಲ್ಲಿ ಕೆನ್ನೆ ತುಂಬಿಕೊಂಡದ್ದು ಕಂಡರೆ ಸಂತೋಷಪಡಲು ನಾಚಿಕೆಯಾಗುತ್ತಿತ್ತು. ನನ್ನ ಮೈಗೆ ಬಂದದ್ದು ಯಾರ ಮೈಯಿಂದ ಇಳಿಯುತ್ತಿದೆ ಎಂಬುದು ಗಲ್ಲಾಪೆಟ್ಟಿಗೆಯ ಮುಂದೆ ಕೈಕಟ್ಟಿ ಕೂತಿದ್ದ ಅಪ್ಪನನ್ನು ನೋಡಿದರೆ ತಿಳಿಯುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಭಟ್ಟಿಯ ಮನೆಗೆ ಹೋದೆ. ಅಪ್ಪ ಖಾಲಿ ಟಿನ್ನುಗಳಿಗೆ ತುಕ್ಕು ಹಿಡಿಯದಂತೆ ಎಣ್ಣೆ ಸವರುತ್ತ ಕೂತಿದ್ದರು. ನನ್ನನ್ನು ನೋಡಿ, ಇಲ್ಲಿಗೆ ಬರಬೇಡ, ಧೂಳಿದೆ ಎಂದರು.

"ಭಟ್ಟಿ ಬಿರುಕು ಬಿಟ್ಟಿಲ್ಲ ಅಪ್ಪ."

"ಬುಟ್ಟಿಲ್ಲ ಕಣವ್ವ."

"ಮತ್ತೆ ಯಾಕೆ ಹಾಗೆ ಹೇಳ್ತೀಯ?"

"ಇನ್ನೇನಂತ ಏಳನವ್ವ? ನನ್ ಮಗಳಿಗೇ ಆಗದೇ ಇರೋದ ಊರಿಗೆಲ್ಲ ಕೊಡ್ತಿದ್ದೆ ಅಂತ ಏಳನಾ?"

ಅವರು ಮುಚ್ಚಿದ್ದು ಮನೆಯ ಗಾಳಿಗಾಗಿ ಮಾತ್ರ ಅಲ್ಲ ಎಂದು ಆಗ ತಿಳಿಯಿತು. ನಾನು ಪಾಠ ಮಾಡುವ ಹಾಗೆ ವಿವರಿಸಿದೆ. ಇದು ನನ್ನಂಥ ಕೆಲವರಿಗೆ ಮಾತ್ರ, ಉಳಿದವರಿಗೆ ಬ್ರೆಡ್ಡಿನಿಂದ ಏನೂ ಆಗುವುದಿಲ್ಲ ಎಂದೆ. ಅಪ್ಪ ಎಲ್ಲವನ್ನೂ ಕೇಳಿಸಿಕೊಂಡರು. ಟಿನ್ನನ್ನು ಕೆಳಗಿಟ್ಟರು.

"ಪೇಷಂಟ್‌ಗೆ ಅಂತ ತಕಂಡೋಯ್ತರಲ್ಲ, ಅವರಲ್ಲಿ ನಿನ್ನಂಗೆ ಒಬ್ರೂ ಇಲ್ವಾ? ನೀನು ಓದಿರೋಳು. ಒಬ್ರೂ ಇಲ್ಲ ಅಂತ ಏಳ್ಬುಡು, ಈಗ್ಲೇ ಸೌದೆ ಆಕ್ತೀನಿ."

ಒಂದು ಮಾತು. ಇಲ್ಲ ಎನ್ನಬೇಕಿತ್ತು, ಅಷ್ಟೇ. ಕಡಿಮೆ ಇರಬಹುದು, ತೀರಾ ಕಡಿಮೆ ಇರಬಹುದು ಎಂದು ನಾನು ತರಗತಿಯಲ್ಲಿ ದಿನವೂ ಹೇಳುವವಳು. ಸೊನ್ನೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅಪ್ಪ ಇನ್ನೊಂದು ಟಿನ್ನು ತೆಗೆದುಕೊಂಡು ಎಣ್ಣೆ ಸವರತೊಡಗಿದರು.

ಅದೇ ವಾರ ಒಬ್ಬ ಮುದುಕ ಬಂದ. ತಲೆಯ ಮೇಲೆ ಗೊಬ್ಬರದ ಚೀಲ ಕವುಚಿಕೊಂಡಿದ್ದ. ಹೆಂಡತಿ ಆಸ್ಪತ್ರೆಯಲ್ಲಿದ್ದಳು. ನಾನು ಕಾಲೇಜಿಗೆ ಹೊರಟು ಅಂಗಡಿಯ ಮುಂದೆ ಕೊಡೆ ಬಿಚ್ಚುತ್ತಿದ್ದೆ.

"ಅನ್ನ ಸೇರದು, ಮುದ್ದೆ ಇಳಿಯದು ಅಂತಾಳೆ ಸಾ. ನಂಜಪ್ಪಣ್ಣನ ಬ್ರೆಡ್ಡಾದ್ರೆ ಆಲಲ್ಲಿ ಅದ್ದಿ ಕೊಡು ಅಂತಾಳೆ."

ಭಟ್ಟಿ ಕೆಟ್ಟಿದೆ, ಬಸ್ ನಿಲ್ದಾಣದ ಹತ್ತಿರ ಬೇರೆ ಬೇಕರಿ ಇದೆ ಎಂದು ಅಪ್ಪ ಹೇಳಿದರು. ಅದು ತಂದುಕೊಟ್ಟೆ, ಬೇಡವಂತೆ ಎಂದ ಮುದುಕ. "ಆಯ್ತು ಬುಡಿ," ಎಂದು ಚೀಲ ಸರಿಮಾಡಿಕೊಂಡು ಮಳೆಗೆ ಇಳಿದ. ಅಪ್ಪ ಗಲ್ಲಾಪೆಟ್ಟಿಗೆಯ ಮುಂದಿನಿಂದ ಎದ್ದು ಅಂಗಡಿಯ ಅಂಚಿನವರೆಗೆ ಬಂದರು, ಕರೆಯುವವರ ಹಾಗೆ ಕೈ ಎತ್ತಿದರು, ಕರೆಯಲಿಲ್ಲ. ಎತ್ತಿದ ಕೈಯನ್ನು ಏನು ಮಾಡುವುದೆಂದು ತಿಳಿಯದೆ ನೇತುಹಾಕಿದ್ದ ಚಕ್ಕುಲಿಯ ಪೊಟ್ಟಣಗಳನ್ನು ಸರಿಪಡಿಸಿದರು.

ಆ ದಿನ ಮಧ್ಯಾಹ್ನ ತರಗತಿ ಮುಗಿದ ಮೇಲೆ ಕೆಂಪಣ್ಣನನ್ನು ಕೇಳಿ, ಅವನ ಅಂಗಡಿಯ ಹಿಂದಿನ ಬೀದಿಯಲ್ಲಿ ಒಂದು ರೂಮು ನೋಡಿದೆ. ಒಂದು ಕಿಟಕಿ, ಒಂದು ಅಡುಗೆಕಟ್ಟೆ. ಹಿಂದೆ ಇದ್ದವರು ಬಿಟ್ಟುಹೋದ ಚಪಾತಿ ಮಣೆಯನ್ನು ಮನೆಯೊಡತಿಗೆ ಕೊಟ್ಟು, ಕಟ್ಟೆಯನ್ನು ಮೂರು ಸಲ ತೊಳೆದು ಬೀಗ ಹಾಕಿಕೊಂಡು ಬಂದೆ.

ಸಂಜೆ ಅಪ್ಪನಿಗೆ ಹೇಳಿದೆ. ನಾನು ಭಾನುವಾರ ಹೊರಡುತ್ತೇನೆ, ಭಟ್ಟಿ ಹಚ್ಚು ಎಂದೆ. ನೀನು ಕೇಳಿದ್ದಕ್ಕೆ ಇಲ್ಲ ಎಂದು ಹೇಳಲಾರೆ, ನನ್ನಂಥವರು ಇರಬಹುದು. ಪೇಷಂಟಿಗೆ ಎಂದವರನ್ನು ಏನಾಗಿದೆ ಎಂದು ಕೇಳು. ಹೊಟ್ಟೆಯ ಕಾಯಿಲೆ, ಮತ್ತೆ ಮತ್ತೆ ಬರುತ್ತದೆ ಎಂದರೆ, ಡಾಕ್ಟರನ್ನು ಕೇಳಿ ಕೊಡಿ ಎಂದು ಹೇಳು. ನಮಗೆ ಹಾಗೆ ಹೇಳುವವರು ಯಾರೂ ಇರಲಿಲ್ಲ. ಇಷ್ಟನ್ನು ಬಸ್ಸಿನಲ್ಲಿ ಬರುತ್ತಾ ಜೋಡಿಸಿಕೊಂಡಿದ್ದೆ, ತಪ್ಪದೆ ಹೇಳಿದೆ.

"ಅಂಗೆಲ್ಲ ಕೇಳಿದ್ರೆ ಯಾರವ್ವ ತಕಂಡೋಯ್ತರೆ?" ಎಂದರು ಅಪ್ಪ.

"ಆ ಅಜ್ಜ ತಗೊಂಡು ಹೋಗ್ತಿದ್ದ," ಎಂದೆ.

ಅವ್ವ ಒಳಗೆ ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದಳು.

ಭಾನುವಾರ ಮಧ್ಯಾಹ್ನ ಅವ್ವ ರಾಗಿ ಹಿಟ್ಟು, ಇಂಗಿಲ್ಲದ ಸಾರಿನ ಪುಡಿ, ನನ್ನ ಬೇರೆ ಪಾತ್ರೆಗಳು ಎಲ್ಲವನ್ನೂ ಕಟ್ಟಿಕೊಟ್ಟಳು. ಅಪ್ಪ ಗಂಟನ್ನು ಹೊತ್ತು ಬಸ್ ನಿಲ್ದಾಣಕ್ಕೆ ಬಂದರು. ಹೊರಡುವ ಮೊದಲು ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದಿದ್ದರು, ಗಂಟು ಮುಟ್ಟಬೇಕಲ್ಲ ಎಂದು. ಗಂಟನ್ನು ಸೀಟಿನ ಕೆಳಗೆ ಇಟ್ಟು, ಕೆಳಗಿಳಿದು, ಕಿಟಕಿಯ ಹತ್ತಿರ ಬಂದು ನಿಂತರು.

"ಮಗಳ್ನ ಮನೆಯಿಂದ ಕಳಿಸಿ ಭಟ್ಟಿ ಅಚ್ಚಬೇಕಾ ನಾನು?"

"ನಾನಿದ್ದರೆ ನೀನು ಹಚ್ಚಲ್ಲವಲ್ಲ."

ಡ್ರೈವರ್ ಹತ್ತಿದ. ಅಪ್ಪ ಕಿಟಕಿಯ ಸರಳು ಹಿಡಿದಿದ್ದ ಕೈಯನ್ನು ತೆಗೆದರು. ನೀನು ಕಳಿಸುತ್ತಿಲ್ಲ, ನಾನೇ ಹೋಗುತ್ತಿದ್ದೇನೆ ಎನ್ನಬೇಕೆಂದು ಮಾಂಬಳ್ಳಿಯ ಹತ್ತಿರ ಹೊಳೆಯಿತು.

ರೂಮಿನಲ್ಲಿ ಯಾವ ವಾಸನೆಯೂ ಇರಲಿಲ್ಲ. ಒಂದೇ ಪಾತ್ರೆಯಲ್ಲಿ ಮುದ್ದೆ ಮಾಡಿ, ಸಾರು ಕುದಿಸಿ, ಒಬ್ಬಳೇ ಉಂಡೆ. ಯಾರೂ ನನಗಾಗಿ ಏನನ್ನೂ ಬಿಡಬೇಕಿರಲಿಲ್ಲ. ಹೊಟ್ಟೆ ಸುಮ್ಮನಿತ್ತು, ಉಸಿರು ಹಗುರವಾಗಿತ್ತು. ನೆಮ್ಮದಿ ಎನಿಸಿತು. ಹಾಗೆ ಎನಿಸಿದ್ದಕ್ಕೆ ನಾಚಿ, ಬೇಗ ಎದ್ದು ತಟ್ಟೆ ತೊಳೆದಿಟ್ಟೆ.

ಮರುದಿನ ಬೆಳಿಗ್ಗೆ ಬೇಗ ಎದ್ದು ಬಸ್ ನಿಲ್ದಾಣಕ್ಕೆ ಹೋದೆ. ಮಳೆ ಬಿಟ್ಟಿತ್ತು. ಬಿಳಿಗಿರಿ ಬೆಟ್ಟದ ಕಡೆ ಮಾತ್ರ ಮೋಡ ಇತ್ತು. ಕೆಂಪಣ್ಣ ಅಂಗಡಿಯ ಬಾಗಿಲು ತೆಗೆದು ನೀರು ಚಿಮುಕಿಸುತ್ತಿದ್ದ. ಬಸ್ಸಿನ ಕಡೆ ನೋಡುವುದನ್ನು ಅವನು ಯಾವಾಗಲೋ ಬಿಟ್ಟಿದ್ದ. ಕೊಳ್ಳೇಗಾಲದ ಮೊದಲ ಬಸ್ಸು ಬಂತು. ಜನ ಇಳಿದರು. ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಹಿಂದಿನ ಬಾಗಿಲಿಂದ ನೀಲಿ ಕ್ರೇಟೊಂದನ್ನು ಎಳೆದು ಕೆಳಗಿಟ್ಟು, "ಕೆಂಪಣ್ಣ, ನಿನ್ ಸಾಮಾನು," ಎಂದು ಕೂಗಿದ.

"ಬಂತಪ್ಪ ನಂಜಪ್ಪಣ್ಣನ ದಿಬ್ಬಣ," ಎಂದು ಕೆಂಪಣ್ಣ ಕೈ ಒರೆಸಿಕೊಂಡು ಬಂದ. ನನ್ನನ್ನು ಕಂಡು, "ಮೇಡಂ, ಆ ಕಡೆ ಒಸಿ ಇಡ್ಕಳಿ," ಎಂದ.

ನಾನು ಇನ್ನೊಂದು ಕಡೆ ಹಿಡಿದೆ. ಇಬ್ಬರೂ ಎತ್ತಿ ಅಂಗಡಿಯ ಕಟ್ಟೆಯ ಮೇಲೆ ಇಟ್ಟೆವು. ವಾಸನೆ ಬಂತು. ಅದು ಹಳೆಯದಿರಬಹುದು, ಅಪ್ಪ ಬೇರೆಯವರಿಂದ ಕೊಂಡು ಕಳಿಸಿರಬಹುದು ಎಂಬ ಅನುಮಾನ ನನಗೆ ಇನ್ನೂ ಇತ್ತು. ಮೇಲಿನ ಒಂದು ಪೊಟ್ಟಣ ತೆಗೆದುಕೊಂಡೆ. ಎರಡೂ ತುದಿಯ ಹೋಳುಗಳನ್ನು ತೆಗೆದು ಕಟ್ಟಿದ್ದರು. ಪೇಷಂಟಿಗೆ ಕಟ್ಟುವ ಹಾಗೆ. ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದು ಒತ್ತಿದೆ. ಗುಳಿ ಬಿತ್ತು. ಬೆರಳು ತೆಗೆದು ಕಾದೆ. ಅದು ನಿಧಾನವಾಗಿ ಮೇಲೆದ್ದು ಮೊದಲಿನಂತಾಯಿತು.

ಪೊಟ್ಟಣವನ್ನು ಇದ್ದ ಜಾಗದಲ್ಲೇ ಇಟ್ಟು, ನಿಲ್ದಾಣದ ನಲ್ಲಿಯ ಹತ್ತಿರ ಹೋಗಿ, ಬಳೆ ಮೇಲೆ ಸರಿಸಿ, ಮಣಿಕಟ್ಟಿನವರೆಗೂ ಕೈ ತೊಳೆದುಕೊಂಡೆ.